ಮಿರಜದಿಂದ ಕಂಡ ಆಫ್ರಿಕದ ಸಿನಿಮಾ

ಆಫ್ರಿಕದ ಸಿನಿಮಾಕ್ಕೂ ಸಾಂಗಲಿ-ಮಿರಜಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಎರಡು ಬಗೆಯದು. ಒಂದು ಮಿರಜದ ಕೋಟೆಯದು, ಇನ್ನೊಂದು ಸಾಂಗಲಿಯ ರಂಗಭೂಮಿಯದು. ಮರಾಠಿ ನಾಡಿನ ಈ ಜೋಡಿ ಊರುಗಳಲ್ಲಿ ಕನ್ನಡ ಮಾತಾಡುತ್ತ ಬೆಳೆದವನು ನಾನು. ಮಲಯಾಳ ನಾಡಿನಲ್ಲಿ ಕನ್ನಡವನ್ನು ಉಳಿಸಿಕೊಂಡಿರುವ ನಿಮ್ಮೊಡನೆ, ಈ ಎರಡು ಎಳೆಗಳನ್ನು ಹಿಡಿದು, ನೋಡತಕ್ಕ ಕೆಲವು ಚಿತ್ರಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಕೋಟೆಯ ಸಂಗತಿ. 1659ರ ನವೆಂಬರಿನಲ್ಲಿ ಅಫಜಲಖಾನನ ವಧೆಯಾದ ಮೇಲೆ ಶಿವಾಜಿ ಮಹಾರಾಜರು ಪನ್ಹಾಳವನ್ನು ಗೆದ್ದು, ಆಗ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಮಿರಜದ ಕೋಟೆಗೆ ಮುತ್ತಿಗೆ ಹಾಕಿದರು. ಕೋಟೆ ಬೀಳುವ ಮೊದಲೇ ಬಿಜಾಪುರದ ದೊಡ್ಡ ದಂಡು ಬರುತ್ತಿರುವ ಸುದ್ದಿ ಬಂತು. 1660ರ ಮಾರ್ಚಿನಲ್ಲಿ ಅವರು ಮುತ್ತಿಗೆಯನ್ನು ಬಿಟ್ಟು ಪನ್ಹಾಳಕ್ಕೆ ಹಿಂದಿರುಗಿದರು. ಆ ದಂಡಿನ ನಾಯಕ ಸಿದ್ದಿ ಜೌಹರ, ಕರ್ನೂಲನ್ನು ಆಳುತ್ತಿದ್ದ ಆಫ್ರಿಕ ಮೂಲದ ಸರದಾರ. ಮುಂದೆ ಪನ್ಹಾಳಕ್ಕೆ ಆತ ಹಾಕಿದ ಮುತ್ತಿಗೆ, ಜುಲೈ ತಿಂಗಳ ಮಳೆಯ ರಾತ್ರಿಯಲ್ಲಿ ಮಹಾರಾಜರು ಪಾರಾದದ್ದು, ಕಣಿವೆಯಲ್ಲಿ ನಿಂತು ಬಾಜಿಪ್ರಭು ಪ್ರಾಣ ಕೊಟ್ಟದ್ದು ಇವೆಲ್ಲ ನಮ್ಮ ಸೀಮೆಯ ಮಕ್ಕಳಿಗೆ ಬಾಯಿಪಾಠ. ಇದರ ಮೇಲೆ 1956ರಲ್ಲಿ ಭಾಲಜಿ ಪೆಂಢಾರಕರರು ‘ಪಾವನಖಿಂಡ’ ಎಂಬ ಚಿತ್ರ ತೆಗೆದರು. 2022ರಲ್ಲಿ ದಿಗ್ಪಾಲ ಲಾಂಜೇಕರರ ಚಿತ್ರ ಅದೇ ಹೆಸರಿನಿಂದ ಬಂತು.

ಈ ಕತೆಯಲ್ಲಿ ಸಿದ್ದಿಗೆ ದಕ್ಕುವುದು ಶತ್ರುವಿನ ವೇಷ ಮಾತ್ರ. ಬಾಜಿಪ್ರಭುವಿನ ಕತೆ ಹೇಳುವಾಗ ಅದು ಸಹಜವೇ. ಆದರೆ ದಖ್ಖಣದ ಹಬಶಿಗಳಿಗೆ ಅವರದೇ ಕತೆಯೊಂದಿತ್ತು. ಅಹಮದನಗರದ ರಾಜ್ಯವನ್ನು ವರ್ಷಗಟ್ಟಲೆ ಮೊಗಲರಿಂದ ಕಾಪಾಡಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್, ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಇಲ್ಲಿಗೆ ಬಂದವನು. ಅಂಥವನ ತಾಯಿ ಯಾವ ಭಾಷೆಯಲ್ಲಿ ಅವನನ್ನು ಕರೆಯುತ್ತಿದ್ದಳು? ಈ ಬಗೆಯ ಪ್ರಶ್ನೆಗೆ ನಮ್ಮ ಐತಿಹಾಸಿಕ ಚಿತ್ರಗಳಲ್ಲಿ ಜಾಗವಿಲ್ಲ. ಆ ದನಿಯನ್ನು ಕೇಳಬೇಕಾದರೆ ಆಫ್ರಿಕದವರೇ ತೆಗೆದ ಚಿತ್ರಗಳತ್ತ ಹೋಗಬೇಕು.

ಅವರಲ್ಲಿ ಹಿರಿಯನೆಂದರೆ ಸೆನೆಗಲ್ ದೇಶದ ಉಸ್ಮಾನ್ ಸೆಂಬೆನ್ (1923–2007). ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಹಮಾಲಿಯಾಗಿ ದುಡಿದವನು, ಫ್ರೆಂಚಿನಲ್ಲಿ ಕಾದಂಬರಿ ಬರೆದು ಹೆಸರು ಮಾಡಿದವನು. ಆದರೆ ತಾನು ಯಾರ ಬಗ್ಗೆ ಬರೆಯುತ್ತೇನೆಯೋ ಅವರು ತನ್ನ ಪುಸ್ತಕ ಓದಲಾರರು ಎಂಬುದು ಅವನಿಗೆ ಅರಿವಾಯಿತು. ನಲವತ್ತರ ಹೊಸ್ತಿಲಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತ. 1966ರ ‘ಲಾ ನ್ವಾರ್ ದ...’ ಚಿತ್ರದಲ್ಲಿ ದಿವಾನ ಎಂಬ ಹುಡುಗಿ ಮನೆಗೆಲಸಕ್ಕೆಂದು ಫ್ರಾನ್ಸಿಗೆ ಹೋಗಿ, ನಾಲ್ಕು ಗೋಡೆಗಳ ನಡುವೆ ಮಾತೇ ಇಲ್ಲದವಳಾಗಿ, ಕೊನೆಗೆ ಪ್ರಾಣ ಕಳೆದುಕೊಳ್ಳುತ್ತಾಳೆ. ವಿಚಿತ್ರವೆಂದರೆ ಅವಳ ಮನಸ್ಸಿನ ಮಾತೂ ನಮಗೆ ಕೇಳುವುದು ಫ್ರೆಂಚಿನಲ್ಲಿ. ಎರಡು ವರ್ಷಗಳ ನಂತರ ಸೆಂಬೆನ್ ತನ್ನ ಜನರ ವೋಲೊಫ್ ಭಾಷೆಯಲ್ಲೇ ‘ಮಂಡಾಬಿ’ (1968) ತೆಗೆದ.

‘ಮಂಡಾಬಿ’ ಎಂದರೆ ಮನಿಆರ್ಡರು. ಡಕಾರ್ ನಗರದ ಇಬ್ರಾಹಿಮ ಜೆಂಗ್ ಕೆಲಸವಿಲ್ಲದ, ಎರಡು ಸಂಸಾರದ ಗೃಹಸ್ಥ. ಪ್ಯಾರಿಸಿನಲ್ಲಿ ಬೀದಿ ಗುಡಿಸುವ ಅಳಿಯ ಅವನ ಹೆಸರಿಗೆ ಹಣ ಕಳಿಸುತ್ತಾನೆ. ಹಣ ಬಿಡಿಸಲು ಗುರುತಿನ ಚೀಟಿ ಬೇಕು. ಗುರುತಿನ ಚೀಟಿಗೆ ಜನನದ ದಾಖಲೆ, ಫೋಟೋ, ಸ್ಟಾಂಪು ಬೇಕು. ಎಲ್ಲ ಕಾಗದವೂ ಫ್ರೆಂಚಿನಲ್ಲಿ, ಆತನಿಗೆ ಓದು ಬಾರದು. ಅಷ್ಟರಲ್ಲಿ ಸುದ್ದಿ ಹಬ್ಬಿ ನೆರೆಹೊರೆಯವರು ಸಾಲ ಕೇಳಲು ಬರುತ್ತಾರೆ. ಕಡೆಗೆ ಕಾಗದ ಬಲ್ಲ, ಸೂಟು ತೊಟ್ಟ ನೆಂಟನೊಬ್ಬ ‘ನಾನು ಮಾಡಿಸಿಕೊಡುತ್ತೇನೆ’ ಎಂದು ಸಹಿ ಹಾಕಿಸಿಕೊಂಡು ಹಣವನ್ನೇ ನುಂಗುತ್ತಾನೆ. ನಗುತ್ತ ನೋಡುತ್ತಿದ್ದವರಿಗೆ ಕೊನೆಗೆ ಗಂಟಲು ಕಟ್ಟುತ್ತದೆ.

ನನ್ನ ತಂದೆ ಒಮ್ಮೆ ಜಮೀನಿನ ಉತಾರ ಹಿಡಿದುಕೊಂಡು ಕಚೇರಿಯ ಮೆಟ್ಟಿಲ ಮೇಲೆ, ಮರಾಠಿ ಓದಬಲ್ಲ ಯಾರಾದರೂ ಬರಲೆಂದು ಅರ್ಧ ದಿನ ಕಾದದ್ದುಂಟು. ಲೆಕ್ಕದಲ್ಲಿ ಜಾಣ, ಪಂಚಾಯಿತಿ ಮಾಡುವವ, ಮೆಟ್ಟಿಲ ಮೇಲೆ ಅನಕ್ಷರಸ್ಥನಾಗಿ ಕುಳಿತಿದ್ದ. ನಿಮ್ಮಲ್ಲೂ ಮಲಯಾಳದ ಅರ್ಜಿ ಹಿಡಿದು ಹೀಗೆ ನಿಂತ ಹಿರಿಯರಿದ್ದಾರು. ಜೆಂಗನನ್ನು ಅರ್ಥ ಮಾಡಿಕೊಳ್ಳಲು ನಮಗೆ ಆಫ್ರಿಕದ ಭೂಗೋಳ ಬೇಕಿಲ್ಲ.

ಇನ್ನು ಕೆಲವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಾಲಿ ದೇಶದ ಸುಲೈಮಾನ್ ಸಿಸ್ಸೆಯ ‘ಯೇಲೆನ್’ (1987) ತಂದೆ-ಮಗನ ಮಾಂತ್ರಿಕ ಹೋರಾಟದ ಪುರಾಣದಂಥ ಕತೆ. ಭೂತದ ಕೋಲ ಕಂಡವರಿಗೆ ಅದು ಅಪರಿಚಿತವೆನಿಸದು. ಅಮೆರಿಕದಲ್ಲಿ ನೆಲಸಿದ ಇಥಿಯೋಪಿಯದ ಹೈಲೆ ಗೆರಿಮನ ‘ಸಂಕೋಫಾ’ (1993) ಗುಲಾಮಗಿರಿಯ ಕಾಲಕ್ಕೆ ಕೊಂಡೊಯ್ಯುತ್ತದೆ. ಕ್ರೌರ್ಯವಿರುವುದರಿಂದ ಮಕ್ಕಳಿಗೆ ಬೇಡ. ಜೂಲಿ ಡ್ಯಾಶ್ ಎಂಬಾಕೆಯ ‘ಡಾಟರ್ಸ್ ಆಫ್ ದ ಡಸ್ಟ್’ (1991) ನಮಗೆ ಹತ್ತಿರದ್ದು. ಅಮೆರಿಕದ ಕರಾವಳಿಯ ದ್ವೀಪವೊಂದರಲ್ಲಿ ಗಲ್ಲಾ ಎಂಬ ತಮ್ಮದೇ ನುಡಿಯಾಡುವ ಕುಟುಂಬ 1902ರಲ್ಲಿ ಉತ್ತರದ ನಗರಗಳಿಗೆ ಗುಳೆ ಹೋಗುವ ಮುನ್ನ ಕೊನೆಯ ಬಾರಿ ಒಟ್ಟಿಗೆ ಉಣ್ಣುತ್ತದೆ. ಮುದುಕಿಯೊಬ್ಬಳು ಮಾತ್ರ ದ್ವೀಪ ಬಿಡಲೊಲ್ಲಳು.

ಈಗ ಸಾಂಗಲಿಯ ಎಳೆ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳವೊಂದು ಸಾಂಗಲಿಯ ದೊರೆ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದನ್ನು ಮೆಚ್ಚಿದ ದೊರೆ ಮರಾಠಿಯಲ್ಲೂ ಇಂಥದು ಬೇಕೆಂದರು. ಮರುವರ್ಷ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ ಆಡಿದರು. ಮರಾಠಿ ರಂಗಭೂಮಿಯ ಹುಟ್ಟನ್ನು ಅಲ್ಲಿಂದ ಎಣಿಸುತ್ತಾರೆ. ಆ ಮೇಳ ಬಂದ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲೇ ಆಫ್ರಿಕ ಮೂಲದ ಸಿದ್ದಿಗಳು ತಲೆಮಾರುಗಳಿಂದ ಬಾಳಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಅವರಲ್ಲಿದ್ದಾರೆ. ಮನೆಯಲ್ಲಿ ಹೆಚ್ಚಾಗಿ ಕೊಂಕಣಿ ಬಗೆಯ ನುಡಿ, ಹೊರಗೆ ಕನ್ನಡ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಹೆಗ್ಗೋಡಿನ ನೀನಾಸಂ 1980ರ ದಶಕದಲ್ಲಿ ನೈಜೀರಿಯದ ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡ ನಾಟಕವಾಗಿಸಿ ಸಿದ್ದಿ ಕಲಾವಿದರಿಂದಲೇ ಆಡಿಸಿತ್ತು. ಆಫ್ರಿಕದ ಕತೆ ಆಫ್ರಿಕ ಮೂಲದವರ ಬಾಯಲ್ಲಿ ಕನ್ನಡವಾಯಿತು. ಸಿನಿಮಾಕ್ಕೆ ಇನ್ನಷ್ಟು ಕಾಲ ಹಿಡಿಯಿತು. 2024ರಲ್ಲಿ ಗೋವಾ ಚಿತ್ರೋತ್ಸವದಲ್ಲಿ ತೋರಿಸಿದ ‘ರಿದಮ್ ಆಫ್ ದಮಾಮ್’ ಸಿದ್ದಿಗಳೇ ನಟಿಸಿದ ಚಿತ್ರ. ಅಜ್ಜ ತೀರಿಕೊಂಡ ಮೇಲೆ ಹುಡುಗನೊಬ್ಬನನ್ನು ಪೂರ್ವಜರ ಗುಲಾಮಗಿರಿಯ ನೆನಪು ಕಾಡುವ ಕತೆ ಅದು. ದಮಾಮ್ ಎಂದರೆ ಅವರ ಚರ್ಮವಾದ್ಯ. ನಿರ್ದೇಶಕ ಜಯನ್ ಚೆರಿಯನ್, ‘ಪಾಪಿಲಿಯೊ ಬುದ್ಧ’ ತೆಗೆದ ಮಲಯಾಳಿ. ಕನ್ನಡ ಮಲಯಾಳಗಳೆರಡನ್ನೂ ಒಂದೇ ರಟ್ಟಿನೊಳಗೆ ಇಟ್ಟುಕೊಂಡಿರುವ ಈ ಸಂಚಿಕೆಯ ಓದುಗರು ಇದನ್ನು ತಮ್ಮ ಚಿತ್ರವೆಂದೇ ನೋಡಬಹುದು.

ಈ ಚಿತ್ರಗಳ ಉಪಶೀರ್ಷಿಕೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಅದಕ್ಕೆ ಹಿಂಜರಿಯಬೇಕಿಲ್ಲ. ಶಾಲೆಗೆ ಹೋಗುವ ಮಗುವೊಂದು ಓದಿ ಕನ್ನಡದಲ್ಲಿ ಹೇಳುತ್ತ ಬಂದರೆ ಅಜ್ಜಿಯೂ ಕುಳಿತು ನೋಡಬಹುದು. ಮೊದಲು ‘ಮಂಡಾಬಿ’ ಹಾಕಿ. ಜೆಂಗ್ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಮನೆಯ ಹಿರಿಯರು ತಾವಾಗಿಯೇ ತಮ್ಮ ಕಾಲದ ಕತೆ ತೆಗೆಯುತ್ತಾರೆ. ಆಗ ಚಿತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಅವರ ಮಾತು ಕೇಳಿ, ಸಾಧ್ಯವಾದರೆ ಬರೆದಿಡಿ.