2020ರ ಜೂನ್ 22ರ ಜಾಮೀನು ಆದೇಶ

ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 2020ರ ಜೂನ್ 22ರಂದು ಬೆಂಗಳೂರಿನ ಅತ್ಯಾಚಾರ ಪ್ರಕರಣವೊಂದರ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಟ್ಟರು. ಜಾಮೀನು ಸಿಕ್ಕಿದ್ದಕ್ಕಿಂತ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು ದೇಶವ್ಯಾಪಿ ಆಕ್ಷೇಪಕ್ಕೆ ಗುರಿಯಾಯಿತು.

ದೀಕ್ಷಿತ್ ವಕೀಲರಾದದ್ದು 1989ರಲ್ಲಿ. ರಿಟ್, ಚುನಾವಣೆ ಮತ್ತು ಸೇವಾ ವಿಷಯಗಳ ಮೊಕದ್ದಮೆಗಳು ಅವರ ಕ್ಷೇತ್ರ. ಮುಂದೆ ಹೈಕೋರ್ಟ್‌ನಲ್ಲಿ ಕೇಂದ್ರ ಸರ್ಕಾರದ ಸಹಾಯಕ ಸಾಲಿಸಿಟರ್ ಜನರಲ್ ಆಗಿದ್ದರು. 2018ರ ಫೆಬ್ರವರಿಯಲ್ಲಿ ಹೆಚ್ಚುವರಿ ನ್ಯಾಯಮೂರ್ತಿಯಾಗಿ ನೇಮಕಗೊಂಡು, 2020ರ ಜನವರಿಯಲ್ಲಿ ಕಾಯಂ ಆದರು. ಈ ಆದೇಶ ಬರುವಾಗ ಕಾಯಂ ಆಗಿ ಆರು ತಿಂಗಳೂ ತುಂಬಿರಲಿಲ್ಲ.

ಮದುವೆಯ ಸುಳ್ಳು ಭರವಸೆ ಕೊಟ್ಟು ಅತ್ಯಾಚಾರ ಎಸಗಿದ ಆರೋಪ ಆ ಪ್ರಕರಣದ್ದು. ಅಪರಾಧ ಗಂಭೀರ ಎಂಬುದೊಂದೇ ಸ್ವಾತಂತ್ರ್ಯ ನಿರಾಕರಿಸಲು ಸಾಲದು ಎಂದು ಪೀಠ ಹೇಳಿತು. ಕೋವಿಡ್ ಕಾಲದಲ್ಲಿ ಜೈಲಿಗೆ ಕಳುಹಿಸುವ ಅಪಾಯವನ್ನೂ ಎಣಿಸಿತು. ಇವೆರಡೂ ಕಾನೂನಿನಲ್ಲಿ ನಿಲ್ಲುವ ಕಾರಣಗಳೇ. ಆದರೆ ದೂರುದಾರೆ ರಾತ್ರಿ 11 ಗಂಟೆಗೆ ಕಚೇರಿಗೆ ಹೋದದ್ದೇಕೆ, ಮದ್ಯಪಾನಕ್ಕೆ ಆಕ್ಷೇಪಿಸಲಿಲ್ಲವೇಕೆ ಎಂದೂ ಆದೇಶ ಕೇಳಿತು. ಕೃತ್ಯದ ನಂತರ ದಣಿದು ನಿದ್ದೆಹೋದೆ ಎಂಬ ಆಕೆಯ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ, ನಮ್ಮ ಹೆಂಗಸರು ಹೀಗೆ ನಡೆದುಕೊಳ್ಳುವುದಿಲ್ಲ ಎಂಬ ಅರ್ಥದ ಸಾಲುಗಳು ಬಂದದ್ದು ಅಲ್ಲಿಯೇ. ಘಟನೆಯ ನಂತರದ ನಡತೆಯನ್ನು ಸಾಕ್ಷ್ಯವಾಗಿ ಪರಿಶೀಲಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆಘಾತಕ್ಕೊಳಗಾದ ದೇಹ ಹೇಗೆ ವರ್ತಿಸಬೇಕೆಂದು ವಿಧಿಸುವ ಅಧಿಕಾರ ಯಾವ ಕಾಯ್ದೆಯಲ್ಲೂ ಇಲ್ಲ.

ಈ ಪಾಠ ಭಾರತದ ನ್ಯಾಯಾಂಗಕ್ಕೆ ಹೊಸದಾಗಿರಲಿಲ್ಲ. ಮಹಾರಾಷ್ಟ್ರದ ಠಾಣೆಯೊಂದರಲ್ಲಿ 1972ರಲ್ಲಿ ಆದಿವಾಸಿ ಬಾಲಕಿಯ ಮೇಲೆ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ, ಮೈಮೇಲೆ ಗಾಯಗಳಿಲ್ಲ, ಪ್ರತಿರೋಧದ ಗುರುತಿಲ್ಲ ಎಂದು ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಡುಗಡೆ ಮಾಡಿತ್ತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ಕಾನೂನು ಅಧ್ಯಾಪಕರು 1979ರಲ್ಲಿ ಬರೆದ ಬಹಿರಂಗ ಪತ್ರದಿಂದ ಹುಟ್ಟಿದ ಚಳವಳಿ ಅತ್ಯಾಚಾರ ಕಾನೂನಿನ 1983ರ ತಿದ್ದುಪಡಿಗೆ ದಾರಿಯಾಯಿತು. ಕರ್ನಾಟಕದ್ದೇ ಉದಾಹರಣೆಯೂ ಇದೆ: ಎಳೆಯ ಬಾಲಕಿಯ ಮೇಲೆ ಅತ್ಯಾಚಾರ ಎಸಗಿದವನು ಅನಕ್ಷರಸ್ಥ, ಕುಡುಕ, ಮನೆಯಲ್ಲಿ ಅವಲಂಬಿತರಿದ್ದಾರೆ ಎಂದು ಹೈಕೋರ್ಟ್ 10 ವರ್ಷದ ಶಿಕ್ಷೆಯನ್ನು 4 ವರ್ಷಕ್ಕೆ ಇಳಿಸಿತ್ತು, 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ 10 ವರ್ಷಕ್ಕೆ ಏರಿಸಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬುದೊಂದರಿಂದಲೇ ಸಮ್ಮತಿಯಿತ್ತೆಂದು ತಿಳಿಯಬಾರದೆಂದು 2013ರ ತಿದ್ದುಪಡಿ ಕಾಯ್ದೆಯಲ್ಲೇ ಬರೆಯಿತು. ಏಳು ವರ್ಷಗಳ ನಂತರವೂ ಹಳೆಯ ನೋಟ ಆದೇಶದೊಳಗೆ ನುಸುಳಿದ್ದು ನೋವಿನ ಸಂಗತಿ.

ಹೈಕೋರ್ಟ್‌ನ ಮಾತು ಬೆಂಗಳೂರಿನಲ್ಲೇ ಉಳಿಯುವುದಿಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನಂಥ ತಾಲ್ಲೂಕಿನ ಮೇಲ್ಮನವಿಗಳು ಹೈಕೋರ್ಟ್‌ನ ಧಾರವಾಡ ಪೀಠಕ್ಕೆ ಹೋಗುತ್ತವೆ. ಏಕಸದಸ್ಯ ಪೀಠದ ಒಂದು ಸಾಲನ್ನು ಇಂಥ ತಾಲ್ಲೂಕಿನ ಪ್ರಕರಣದಲ್ಲೂ ಆರೋಪಿ ಪರ ವಕೀಲರು ಮುಂದಿಡಬಹುದು. ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಹೆಣ್ಣುಮಗಳಿಗೆ ಆ ಸಾಲಿನ ಸುದ್ದಿಯೇ ಸಾಕು, ಅಲ್ಲಿಂದಲೇ ಹಿಂದಿರುಗಲು.

ಆದೇಶ ಬಂದ ಕೆಲವೇ ದಿನಗಳಲ್ಲಿ ಮಹಿಳಾ ಸಂಘಟನೆಗಳೂ ವಕೀಲರೂ ವಿರೋಧಿಸಿದರು. ದೆಹಲಿಯ ವಕೀಲೆ ಅಪರ್ಣಾ ಭಟ್ ಭಾರತದ ಮುಖ್ಯ ನ್ಯಾಯಮೂರ್ತಿಯವರಿಗೂ ಸುಪ್ರೀಂ ಕೋರ್ಟ್‌ನ ಮೂವರು ಮಹಿಳಾ ನ್ಯಾಯಮೂರ್ತಿಗಳಿಗೂ ಪತ್ರ ಬರೆದರು. ಜುಲೈ ಆರಂಭದಲ್ಲಿ ದೀಕ್ಷಿತ್ ಅವರ ಪೀಠವೇ ವಿವಾದಿತ ಸಾಲುಗಳನ್ನು ಆದೇಶದಿಂದ ತೆಗೆದುಹಾಕಿತು. ಜಾಮೀನು ಹಾಗೆಯೇ ಉಳಿಯಿತು. ತಪ್ಪನ್ನು ಅಷ್ಟು ಬೇಗ ತಿದ್ದಿಕೊಂಡದ್ದನ್ನು ಮೆಚ್ಚಲೇಬೇಕು; ಆದರೆ ಅಷ್ಟರಲ್ಲಿ ಆ ಮಾತು ಪತ್ರಿಕೆಗಳಲ್ಲಿ ಅಚ್ಚಾಗಿತ್ತು.

ಅದೇ ಜುಲೈನಲ್ಲಿ ಮಧ್ಯಪ್ರದೇಶ ಹೈಕೋರ್ಟ್‌ನ ಇಂದೋರ್ ಪೀಠ, ಲೈಂಗಿಕ ಕಿರುಕುಳದ ಆರೋಪಿ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ಜಾಮೀನು ಕೊಟ್ಟಿತು. ಅದನ್ನು ಅಪರ್ಣಾ ಭಟ್ ಮತ್ತಿತರರು ಪ್ರಶ್ನಿಸಿದರು. 2021ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಎ.ಎಂ. ಖಾನ್ವಿಲ್ಕರ್ ಮತ್ತು ಎಸ್. ರವೀಂದ್ರ ಭಟ್ ಆ ಷರತ್ತನ್ನು ರದ್ದುಮಾಡಿದರು. ದೂರುದಾರೆಯ ಉಡುಪು, ನಡತೆ, ಹಿಂದಿನ ಜೀವನದ ಚರ್ಚೆ ಜಾಮೀನು ಆದೇಶದಲ್ಲಿ ಬರಕೂಡದು ಎಂದು ಎಲ್ಲ ನ್ಯಾಯಾಲಯಗಳಿಗೂ ನಿರ್ದೇಶಿಸಿದರು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಲಿಂಗ ಪೂರ್ವಗ್ರಹಗಳ ವಿರುದ್ಧ ಕೈಪಿಡಿಯನ್ನೂ ಹೊರತಂದಿತು.

ದೀಕ್ಷಿತ್ ಅವರ ವೃತ್ತಿಜೀವನ ಈ ವಿವಾದದಿಂದ ನಿಲ್ಲಲಿಲ್ಲ. 2022ರ ಮಾರ್ಚ್ 15ರಂದು ಹಿಜಾಬ್ ತೀರ್ಪು ಕೊಟ್ಟ ಮೂವರು ನ್ಯಾಯಮೂರ್ತಿಗಳಲ್ಲಿ ಅವರೂ ಒಬ್ಬರು. 2023ರ ಜೂನ್‌ನಲ್ಲಿ ಟ್ವಿಟರ್ ಕಂಪನಿಯ ಅರ್ಜಿ ವಜಾಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದವರೂ ಅವರೇ. 2025ರಲ್ಲಿ ಅವರನ್ನು ಒಡಿಶಾ ಹೈಕೋರ್ಟ್‌ಗೆ ವರ್ಗ ಮಾಡಲಾಯಿತು.