ಗಣಕಕ್ಕೆ ಎಷ್ಟು ಶಕ್ತಿ ಬೇಕು?

ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಅಲ್ಲಿನ ಹಳೆಯ ಮರಗಳ ಫೋಟೊ ತಿದ್ದಲು, ಸಾಕ್ಷ್ಯಚಿತ್ರ ಜೋಡಿಸಲು ಎಂಥ ಲ್ಯಾಪ್‌ಟಾಪ್ ಬೇಕು? ಉತ್ತರಕ್ಕೆ ಬೆಂಗಳೂರಿನ ಸಿಂಪ್ಯೂಟರ್ ಕಥೆ ನೆರವಾಗುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯೊಡನೆ ಸೇರಿ ರೂಪಿಸಿದ ಈ ಅಂಗೈ ಗಣಕದ ಮಾದರಿ 2001ರಲ್ಲಿ ಹೊರಬಂತು. ಅದರ ಮೆಮೊರಿ 32 ಎಂಬಿ. ಕನ್ನಡ ಪಠ್ಯ ತೋರಿಸಲು, ಓದಿ ಹೇಳಲು ಅಷ್ಟು ಸಾಕಿತ್ತು.

ಚಿತ್ರದ ಲೆಕ್ಕವೇ ಬೇರೆ. 12 ಮೆಗಾಪಿಕ್ಸೆಲ್ ಫೋಟೊದಲ್ಲಿ 1.2 ಕೋಟಿ ಚುಕ್ಕೆಗಳು; ಒಂದೊಂದಕ್ಕೂ 3 ಬೈಟ್. ತಿದ್ದಲು ತೆರೆದರೆ 36 ಎಂಬಿ! ಸಿಂಪ್ಯೂಟರಿನ ಇಡೀ ಮೆಮೊರಿಗೂ ಮಿಗಿಲು. ವಿಡಿಯೊದಲ್ಲಾದರೋ ಸೆಕೆಂಡಿಗೆ 25 ಚಿತ್ರಗಳು.

ಆದ್ದರಿಂದ ಬರವಣಿಗೆಗೆ 8 ಜಿಬಿ ಮೆಮೊರಿ ಸಾಕು. ಫೋಟೊ ತಿದ್ದಲು 16, ದೊಡ್ಡ ವಿಡಿಯೊಗೆ 32 ಜಿಬಿ ಮತ್ತು ಒಳ್ಳೆಯ ಗ್ರಾಫಿಕ್ಸ್ ಚಿಪ್ ಇದ್ದರೆ ಲೇಸು. ಕಡತಗಳನ್ನು ಹೊರಗಿನ ಡಿಸ್ಕಿನಲ್ಲಿಡಬಹುದು. ಆದರೆ ಇಂದಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಫಲಕಕ್ಕೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಹಾಸಿಗೆ ಕೊಳ್ಳುವ ಮೊದಲು ಕಾಲಿನ ಉದ್ದವನ್ನೂ ಅಳೆಯಬೇಕು.