ಖಿನ್ನತೆಯ ಔಷಧ ಮತ್ತು ಮಿದುಳಿನ ಅಲೆಗಳು

ಖಿನ್ನತೆಗೆ ಮಾತ್ರೆ ಬರೆದುಕೊಟ್ಟ ವೈದ್ಯರು ‘ಕೆಲವು ವಾರ ನೋಡೋಣ’ ಎನ್ನುವುದನ್ನು ನೀವು ಕೇಳಿರಬಹುದು. ಜ್ವರದ ಮಾತ್ರೆಯಂತೆ ಅದು ಗಂಟೆಗಳಲ್ಲಿ ಗುಣ ತೋರಿಸುವುದಿಲ್ಲ. ಹಿಡಿಸದಿದ್ದರೆ ಇನ್ನೊಂದು ಔಷಧ, ಮತ್ತೆ ಕಾಯುವ ಸರದಿ. ಬದುಕೇ ಬೇಡವೆನಿಸಿರುವ ರೋಗಿಗೆ ಈ ವಾರಗಳು ಸಣ್ಣವಲ್ಲ. ಔಷಧ ಹಿಡಿಸುವುದೋ ಇಲ್ಲವೋ ಎಂಬುದನ್ನು ಮಿದುಳನ್ನೇ ಕೇಳಿ ತಿಳಿಯಬಹುದೇ?

ಮಿದುಳಿನ ‘ಮಾತು’ ವಿದ್ಯುತ್ತಿನದು. ಮನುಷ್ಯನಲ್ಲಿ ಅದನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ತರುಣರಾಗಿ ಸೈನ್ಯದಲ್ಲಿದ್ದಾಗ ಅವರು ಕುದುರೆಯಿಂದ ಬಿದ್ದು ಕೂದಲೆಳೆಯಲ್ಲಿ ಪಾರಾದರು. ಅದೇ ದಿನ ದೂರದ ಊರಿನಲ್ಲಿದ್ದ ಸೋದರಿಗೆ ಇವರಿಗೇನೋ ಕೇಡಾಗಿದೆ ಎನ್ನಿಸಿ, ಮನೆಯಿಂದ ತಂತಿ ಬಂತು. ಮನಸ್ಸಿನಿಂದ ಮನಸ್ಸಿಗೆ ಸಂದೇಶ ಹೋಗಿರಬೇಕೆಂದು ನಂಬಿದ ಬರ್ಗರ್, ಅದರ ಹಿಂದಿನ ಶಕ್ತಿಯನ್ನು ಹುಡುಕತೊಡಗಿದರು. ಅದೇನೂ ಸಿಗಲಿಲ್ಲ. ಸಿಕ್ಕಿದ್ದು ಇಇಜಿ! 1924ರಲ್ಲಿ ಮಾಡಿದ ದಾಖಲೆಯನ್ನು ಅವರು ಪ್ರಕಟಿಸಿದ್ದು 1929ರಲ್ಲಿ; ಅಷ್ಟು ಅಳುಕು. ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಆಲ್ಫಾ ಅಲೆಗಳನ್ನು ಬಹಳ ಮಂದಿ ನಂಬಲೇ ಇಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದರು. ಖಿನ್ನತೆಗೆ ತುತ್ತಾದ ಬರ್ಗರ್ 1941ರಲ್ಲಿ ತಮ್ಮ ಜೀವವನ್ನು ತಾವೇ ತೆಗೆದುಕೊಂಡರು.

ಆಗ ಆ ರೋಗಕ್ಕೆ ಇಂದಿನಂಥ ಔಷಧಗಳಿರಲಿಲ್ಲ. ಇಮಿಪ್ರಮೀನ್ ಖಿನ್ನತೆಯನ್ನು ಇಳಿಸುತ್ತದೆಂದು ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ವರದಿ ಮಾಡಿದ್ದು 1957ರಲ್ಲಿ. ಔಷಧಗಳು ಹೆಚ್ಚಿದಂತೆ ಯಾರಿಗೆ ಯಾವುದು ಎಂಬ ಪ್ರಶ್ನೆಯೂ ಬೆಳೆಯಿತು.

2002ರಲ್ಲಿ ಲಾಸ್ ಏಂಜಲೀಸ್‌ನ ಇಯಾನ್ ಕುಕ್, ಆಂಡ್ರ್ಯೂ ಲಾಕ್ಟರ್ ಮತ್ತು ಸಂಗಡಿಗರು 51 ರೋಗಿಗಳ ಅಧ್ಯಯನ ಪ್ರಕಟಿಸಿದರು. ಔಷಧದಿಂದ ಗುಣ ಕಂಡವರಲ್ಲಿ, ಹಣೆಯ ಹಿಂದಿನ ಮಿದುಳಿನ ಭಾಗದಿಂದ ಬರುವ ಥೀಟಾ ಅಲೆಗಳ ಒಂದು ಅಳತೆ 48 ಗಂಟೆಗಳಲ್ಲೇ ಇಳಿದಿತ್ತು. ರೋಗಿಯ ಮುಖದಲ್ಲಿ ಗೆಲುವು ಕಾಣಲು ಇನ್ನೂ ವಾರಗಳಿದ್ದವು. ಆಸೆ ಚಿಗುರಿದ್ದರಲ್ಲಿ ಆಶ್ಚರ್ಯವೇನು?

ಆದರೆ 2019ರಲ್ಲಿ ಇಂಥ ಹಲವಾರು ಪ್ರಬಂಧಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಇನ್ನೊಂದು ಚಿತ್ರ ಕಂಡಿತು. ಗೆದ್ದ ಪ್ರಯೋಗಗಳು ಅಚ್ಚಾಗಿದ್ದವು, ಸೋತವು ಬಹುಶಃ ಕಪಾಟಿನಲ್ಲೇ ಉಳಿದಿದ್ದವು. ಚಿಕಿತ್ಸೆಯಲ್ಲಿ ನೆಚ್ಚುವಷ್ಟು ಪುರಾವೆ ಇರಲಿಲ್ಲ. ಮರುವರ್ಷವೇ 309 ರೋಗಿಗಳ ಇಇಜಿಯನ್ನು ಕಂಪ್ಯೂಟರಿಗೆ ಕಲಿಸಿ, ಸರ್ಟ್ರಲೀನ್ ಯಾರಿಗೆ ಒಗ್ಗುತ್ತದೆಂದು ಮುನ್ನುಡಿಯುವ ವಿಧಾನವೊಂದು ಪ್ರಕಟವಾಯಿತು. ಅದರಲ್ಲಿ ಬಳಸಿದ್ದು ಔಷಧ ಶುರುಮಾಡುವ ಮೊದಲಿನ ದಾಖಲೆ. ಆದರೂ ಇಇಜಿ ನೋಡಿ ಖಿನ್ನತೆಯ ಮಾತ್ರೆ ಆರಿಸುವುದು ಇನ್ನೂ ಆಸ್ಪತ್ರೆಗಳ ವಾಡಿಕೆಯಾಗಿಲ್ಲ.